ಕುಂಟುತ್ತ ಲೋಡರ್ ಆರಿಸಿದ್ದು

ಸುಂಟರಗಾಳಿಯನ್ನು ಮಣ್ಣೆತ್ತುವ ಲೋಡರ್ ಯಂತ್ರದ ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗಿ ಪಕ್ಕದ ಕೌಂಟಿಯಲ್ಲಿ ಸುರಿದು ಬಂದವನು ಇಡೀ ನೆಬ್ರಾಸ್ಕದಲ್ಲಿ ನಾನೊಬ್ಬನೇ. ದಾರಿಯಲ್ಲಿ ಸ್ವಲ್ಪ ತುಳುಕಿತು, ಇಲ್ಲ ಅನ್ನುವುದಿಲ್ಲ. ವೆಂಡೆಲ್ ಓಸ್ಟರ್‌ಗಾರ್ಡನ ಕೊಟ್ಟಿಗೆಯ ಚಾವಣಿ ಹಾರಿದ್ದು ಆಗಲೇ. ಪಕ್ಕದ ಕೌಂಟಿಯವರು ಈ ಮಾತನ್ನು ಒಪ್ಪುವುದಿಲ್ಲ. ಆದರೆ ಆ ಸುಂಟರಗಾಳಿ ತಮ್ಮಲ್ಲೇ ಹುಟ್ಟಿದ್ದು ಅಂತ ಅವರಲ್ಲಿ ಒಬ್ಬನೂ ಇದುವರೆಗೆ ಸಾಬೀತು ಮಾಡಿಲ್ಲ.

ಯಂತ್ರದ ವಿಷಯದಲ್ಲಿ ನನ್ನ ಮಾತಿಗೆ ಎಷ್ಟು ತೂಕ ಎಂಬುದು ತಿಳಿದಿರಲಿ ಅಂತ ಇಷ್ಟು ಹೇಳಿದೆ. ನನ್ನ ಹೆಸರು ಲೈಲ್ ಕುಚೆರಾ. ಸ್ಯಾಂಡ್‌ಹಿಲ್ಸ್‌ನ ಮರಳುಗುಡ್ಡಗಳ ನಡುವೆ ದನ ಸಾಕುತ್ತೇನೆ. ಎಷ್ಟು ದನ ಅಂತ ಕೇಳಬೇಡಿ. ನಮ್ಮ ಕಡೆ ಒಬ್ಬ ಗಂಡಸಿನ ಹತ್ತಿರ ಅವನ ದನದ ಲೆಕ್ಕವನ್ನಾಗಲಿ ಅವನ ಮೈಯ ಕಾಯಿಲೆಯನ್ನಾಗಲಿ ಬಾಯಿಬಿಟ್ಟು ಕೇಳುವ ಪದ್ಧತಿ ಇಲ್ಲ. ಕೇಳುವವನು ಒಂದೋ ಬ್ಯಾಂಕಿನವನಾಗಿರಬೇಕು, ಇಲ್ಲವೇ ಕಳ್ಳನಾಗಿರಬೇಕು. ಈ ಘನವಾದ ಪದ್ಧತಿಯನ್ನು ಯಾರಾದರೂ ಒಬ್ಬರು, ಒಂದೇ ಒಂದು ಸಲ, ಮುರಿದಿದ್ದರೆ ನನಗೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಶುರುವಾದದ್ದು ನನ್ನ ಹೆಂಡತಿ ಆರ್ಡಿತ್‌ಳ ಎಡ ಸೊಂಟದಿಂದ. ಹೋದ ವಸಂತದಲ್ಲಿ ಡಾಕ್ಟರು ಅವಳ ಸವೆದ ಕೀಲನ್ನು ತೆಗೆದು ಉಕ್ಕಿನದೊಂದು ಕೂರಿಸಿದರು. ಕೀಲು ಚೆನ್ನಾಗಿಯೇ ಕೂತಿತು. ಕೂರದೆ ಹೋದದ್ದು ಆರ್ಡಿತ್. ಕುದುರೆ ಹತ್ತಕೂಡದು, ಟ್ರ್ಯಾಕ್ಟರಿನ ಮೆಟ್ಟಿಲು ಹತ್ತಕೂಡದು, ಎಡಗಾಲನ್ನು ಸೊಂಟಕ್ಕಿಂತ ಮೇಲೆ ಎತ್ತಕೂಡದು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಮೊದಲೇ ಅವಳು ಗಿಡ್ಡ. ನಮ್ಮ ಟ್ರ್ಯಾಕ್ಟರಿನ ಮೊದಲ ಮೆಟ್ಟಿಲೇ ಅವಳ ಸೊಂಟಕ್ಕೆ ಬರುತ್ತದೆ. ಹಾಗಾಗಿ ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ದುರ್ಬೀನು ಹಿಡಿದು, ಗುಡ್ಡದ ಮೇಲಿನ ದನಗಳ ಕಿವಿಯ ನಂಬರು ಓದುತ್ತ ಕೂರುವುದೇ ಅವಳ ಕೆಲಸವಾಯಿತು.

"ಆ ಮುನ್ನೂರ ಹನ್ನೆರಡು ಇವತ್ತು ಸರಿಯಾಗಿ ಮೆಲುಕು ಹಾಕ್ತಿಲ್ಲ" ಅನ್ನುತ್ತಿದ್ದಳು.

ನಾನು ಹೋಗಿ ನೋಡಿದರೆ ಅದಕ್ಕೆ ನಿಜಕ್ಕೂ ಹೊಟ್ಟೆ ಉಬ್ಬರಿಸಿರುತ್ತಿತ್ತು. ಎದುರಿಗೆ ನಿಂತ ನನಗೆ ಕಾಣದ್ದು ಅವಳಿಗೆ ಅರ್ಧ ಮೈಲಿಯಿಂದ ಕಾಣುತ್ತಿತ್ತು. ಅಂಥವಳು ದುರ್ಬೀನು ಕೆಳಗಿಟ್ಟಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಅವಳ ಅಕ್ಕ ಫರ್ನ್ ಇರುವುದು ಸೀಡರ್ ಫೋರ್ಕ್ ಪೇಟೆಯಲ್ಲಿ. ಅವಳ ಮನೆಗೆ ಅಂಟಿಕೊಂಡ ಪಕ್ಕದ ಮನೆ ಖಾಲಿಯಾಗಿತ್ತು. ಪ್ರತಿ ಭಾನುವಾರ ಫೋನು ಮಾಡಿ, "ದನ ಮಾರಿ ಇಲ್ಲಿಗೆ ಬಂದ್ಬಿಡಿ. ಮೆಟ್ಟಿಲೇ ಇಲ್ಲದ ಮನೆ. ಹಿಮ ಬೀಳೋದರೊಳಗೆ ಹೇಳಿಬಿಡು" ಅನ್ನುತ್ತಿದ್ದಳು. ಫರ್ನ್ ಮಾತು ಮುಗಿಸುವ ಮೊದಲೇ ಆರ್ಡಿತ್ ಆಗಲ್ಲ ಅನ್ನುತ್ತಿದ್ದಳು. ಸೆಪ್ಟೆಂಬರಿನ ಒಂದು ಭಾನುವಾರ ಮಾತ್ರ ಮಾತನ್ನು ಪೂರ್ತಿ ಕೇಳಿ, "ನೋಡೋಣ" ಅಂದಳು.

ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. ನಮ್ಮ ಮನೆಯಲ್ಲಿ ನೋಡೋಣ ಅಂದರೆ ಆಯಿತು ಅಂತ ಅರ್ಥ. ನನ್ನನ್ನು ಮದುವೆಯಾಗುತ್ತೀಯಾ ಅಂತ ನಾನು ಕೇಳಿದಾಗಲೂ ಅವಳು ಅಂದದ್ದು ಅಷ್ಟೇ.

ಆಗ ನಾನು ತೀರ್ಮಾನಿಸಿದೆ: ಆರ್ಡಿತ್ ಹತ್ತಿ ಕೂರಬಹುದಾದ ಒಂದು ಯಂತ್ರ ಈ ಅಂಗಳಕ್ಕೆ ಬರಬೇಕು. ಆದರೆ ಅವಳಿಗೋಸ್ಕರ ಅಂತ ಗೊತ್ತಾಗಬಾರದು. ಹಿಂದೊಮ್ಮೆ ಪಿಕಪ್ ಹತ್ತಲು ಅನುಕೂಲವಾಗಲಿ ಅಂತ ಒಂದು ಪುಟ್ಟ ಮೆಟ್ಟಿಲು ಮಾಡಿಕೊಟ್ಟಿದ್ದೆ. ಅವಳು ಅದನ್ನು ಒಂದು ಸಲ ನೋಡಿ, ಕೋಳಿಗೂಡಿಗೆ ತೆಗೆದುಕೊಂಡು ಹೋಗಿ ಕೋಳಿಗಳಿಗೆ ಕೊಟ್ಟುಬಿಟ್ಟಳು. ಅವು ಈಗಲೂ ಅದನ್ನು ಹತ್ತಿ ಇಳಿದು ಮಾಡುತ್ತಿವೆ.

"ನನಗೊಂದು ಟ್ರ್ಯಾಕ್ ಲೋಡರ್ ಬೇಕು" ಅಂದೆ, ಊಟದ ಹೊತ್ತಿಗೆ. "ಚಕ್ರದ ಬದಲು ರಬ್ಬರ್ ಪಟ್ಟಿ ಇರುತ್ತಲ್ಲ, ಚಿಕ್ಕದು, ಅದು."

"ಟ್ರ್ಯಾಕ್ಟರ್ ಇದೆಯಲ್ಲ."

"ಅದಕ್ಕೆ ವಯಸ್ಸಾಯ್ತು."

"ನಿನಗೂ ಆಗಿದೆ. ನಿನ್ನ ಬದಲಾಯಿಸಿದ್ನಾ ನಾನು?"

"ಮರಳಲ್ಲಿ ಹೂತ್ಕೊಳ್ಳಲ್ಲ. ಹುಲ್ಲಿನ ಉರುಳೆ ಎತ್ತುತ್ತೆ, ಕೊಟ್ಟಿಗೆ ಬಾಚುತ್ತೆ, ಕಂಬ ನೆಡುತ್ತೆ."

"ಹುಲ್ಲು ಕೀಳಬಾರದು, ಅಷ್ಟೇ" ಅಂದಳು ಆರ್ಡಿತ್. "ರಬ್ಬರ್ ಪಟ್ಟಿ ನಿಂತಲ್ಲೇ ತಿರುಗಿದ್ರೆ ಬೇರು ಸಮೇತ ಕಿತ್ಕೊಂಡು ಬರುತ್ತೆ. ಆಮೇಲೆ ಗಾಳಿ ಅಲ್ಲಿ ಬಾಯಿ ಹಾಕುತ್ತೆ, ಗುಡ್ಡಾನೇ ನುಂಗುತ್ತೆ. ನಿಧಾನಕ್ಕೆ, ದೊಡ್ಡ ಸುತ್ತು ಹಾಕಿ ತಿರುಗಿಸ್ಬೇಕು. ನಿನಗೆ ಅಷ್ಟು ತಾಳ್ಮೆ ಎಲ್ಲಿದೆ?"

ನಾನು ಅಲ್ಲಿಗೇ ಬಿಟ್ಟೆ. ಸದ್ಯ ಬೇಡ ಅನ್ನಲಿಲ್ಲವಲ್ಲ.

ಈಗ ಬಂತು ನಿಜವಾದ ಕಷ್ಟ. ಅವಳು ಯಾವುದನ್ನು ಹತ್ತಬಲ್ಲಳು ಅಂತ ಅವಳನ್ನು ಕರೆದುಕೊಂಡು ಹೋಗದೆ ತಿಳಿಯುವುದು ಹೇಗೆ? ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲುತ್ತಿದ್ದರು. ನಾನು ಆರ್ಡಿತ್ ಆಗಿಬಿಟ್ಟೆ.

ಮುರಿದ ಸಲಿಕೆಯ ಕಾವೊಂದನ್ನು ಪ್ಯಾಂಟಿನೊಳಗೆ ಎಡತೊಡೆಗೆ ಕಟ್ಟಿಕೊಂಡೆ. ಕಾಲು ಮೇಲೆ ಏಳುವ ಪ್ರಶ್ನೆಯೇ ಇಲ್ಲ. ಆಮೇಲೆ ಕೊಟ್ಟಿಗೆಯ ಹಿಂದೆ ಅವಳ ನಡಿಗೆಯನ್ನು ಅಭ್ಯಾಸ ಮಾಡಿದೆ. ಮೊದಲು ಎಡ ಹಿಮ್ಮಡಿ ಊರುವುದು, ಆಮೇಲೆ ಸೊಂಟ ಒಂದಿಷ್ಟು ಹೊರಗೆ ಹೋಗಿ ಒಳಗೆ ಬರುವುದು, ಅದೇ ಹೊತ್ತಿಗೆ ಬಲಗೈ ಜೇಬಿನಲ್ಲಿ ಗುಬ್ಬಚ್ಚಿ ಮರಿ ಇದೆಯೇನೋ ಅನ್ನುವ ಹಾಗೆ ಜೇಬನ್ನು ಮೆಲ್ಲಗೆ ಒತ್ತುವುದು. ಮದುವೆಯಾದಾಗಿನಿಂದ ಆ ನಡಿಗೆಯ ಹಿಂದೆಯೇ ನಡೆದವನು ನಾನು. ನನಗೆ ಅದು ಕಷ್ಟವೇ? ಎರಡನೆಯ ದಿನಕ್ಕೆ ಎಷ್ಟು ಚೆನ್ನಾಗಿ ಬಂತೆಂದರೆ ನಮ್ಮ ನಾಯಿ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಆ ನಾಯಿ ನನಗೆ ಬಾಲ ಅಲ್ಲಾಡಿಸಿದ ಚರಿತ್ರೆಯೇ ಇಲ್ಲ.

ಹಾಗೇ ಸೀಡರ್ ಫೋರ್ಕಿನ ಯಂತ್ರದ ಅಂಗಡಿಗೆ ಹೋದೆ. ಹೊಸದು, ಹಳೆಯದು, ಎಲ್ಲ ಬಗೆಯ ಲೋಡರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮಾರುವ ಹುಡುಗ ಟ್ರೆಂಟ್ ಓಡಿಬಂದ.

"ಬನ್ನಿ ಕುಚೆರಾ ಸಾರ್. ಇದನ್ನ ನೋಡಿ. ತೋಳು ನೇರವಾಗಿ ಮೇಲೆ ಹೋಗುತ್ತೆ, ಲಾರಿಗೆ ಉರುಳೆ ಏರಿಸೋಕೆ ಹೇಳಿ ಮಾಡಿಸಿದ್ದು. ಅದು ನೋಡಿ, ಅದರ ತೋಳು ಕಮಾನಿನ ಹಾಗೆ ಹೋಗುತ್ತೆ, ಅಗೆಯೋಕೆ ಒಳ್ಳೇದು. ನಿಮಗೆ ಎತ್ತೋ ಕೆಲಸ ಜಾಸ್ತಿನಾ, ಅಗೆಯೋ ಕೆಲಸ ಜಾಸ್ತಿನಾ?"

"ಅದಿರಲಿ. ಒಳಗೆ ಹೋಗೋದು ಹೇಗೆ?"

ಟ್ರೆಂಟ್ ಸ್ವಲ್ಪ ಗೊಂದಲಗೊಂಡ. "ಮುಂದಿನಿಂದ ಸಾರ್. ಬಕೆಟ್ ಮೇಲೆ ಕಾಲಿಟ್ಟು, ಹಂಗೇ ದಾಟಿ, ಬಾಗಿಲೊಳಗೆ ತಿರುಗಿ ಕೂತ್ಕೊಳ್ಳೋದು."

ಬಲಗಾಲನ್ನು ಬಕೆಟ್ಟಿನ ಮೇಲಿಟ್ಟೆ. ಎಡಗಾಲು ನೆಲದಲ್ಲೇ ಉಳಿಯಿತು. ಎರಡು ಕೈಯಿಂದ ಹಿಡಿಗಳನ್ನು ಹಿಡಿದು ಜಗ್ಗಿದೆ. ಮೈಯ ಮೇಲರ್ಧ ಒಳಗೆ ಹೋಯಿತು, ಕೆಳಗರ್ಧ ಅಂಗಡಿಯ ಅಂಗಳದಲ್ಲೇ ನಿಂತಿತು. ಬೇಲಿಯ ಸಂದಿಯಲ್ಲಿ ಸಿಕ್ಕಿಕೊಂಡ ದನವನ್ನು ನಾನು ನೋಡಿದ್ದೇನೆ. ಅದರ ಮನಸ್ಸಿನಲ್ಲಿ ಏನಿರುತ್ತದೆ ಅಂತ ಆವತ್ತು ತಿಳಿಯಿತು. ಟ್ರೆಂಟ್ ಹಿಂದಿನಿಂದ ತಳ್ಳಲೇ ಬೇಡವೇ ಎಂಬ ಧರ್ಮಸಂಕಟದಲ್ಲಿ ಕೈ ಮುಂದೆ ತರುತ್ತ ಹಿಂದೆ ತೆಗೆಯುತ್ತ ನಿಂತಿದ್ದ.

"ಇದು ಬೇಡ" ಅಂದೆ, ಒಳಗಿನಿಂದ. "ಮುಂದಿನದು."

ಮುಂದಿನದರಲ್ಲಿ ಬಾಗಿಲು ಮೇಲಕ್ಕೆ ಜಾರುತ್ತಿತ್ತು, ಹೊಸ್ತಿಲು ಮಾತ್ರ ಅಷ್ಟೇ ಎತ್ತರ. ಅದರ ಪಕ್ಕದ ಹಳೆಯದರಲ್ಲಿ ತೋಳು ಎತ್ತಲು ಕಾಲಿನಿಂದ ಒತ್ತಬೇಕಿತ್ತು.

"ಕಾಲಿಂದ ಒತ್ತೋದು ಬೇಡ. ಎಲ್ಲ ಕೈಯಲ್ಲೇ ಆಗ್ಬೇಕು."

"ಯಾಕೆ ಸಾರ್?"

"ಕಾಲಿಗೆ ಬೇರೆ ಕೆಲಸ ಇದೆ."

ಅಷ್ಟು ಹೊತ್ತಿಗೆ ರಿಪೇರಿಯವರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿದ್ದರು. ಬಿಡಿಭಾಗದ ಕೌಂಟರಿನ ಹತ್ತಿರ ಕಾಫಿ ಕುಡಿಯುತ್ತಿದ್ದ ನಮ್ಮ ನೆರೆಯವನು ವೆಂಡೆಲ್ ಓಸ್ಟರ್‌ಗಾರ್ಡ್ ಲೋಟದ ಸಮೇತ ಹೊರಗೆ ಬಂದ. ಬಹಳ ಹೊತ್ತು ನನ್ನ ಕಾಲನ್ನು ನೋಡಿದ. ಆಮೇಲೆ ಆಕಾಶ ನೋಡಿದ.

"ಮಳೆ ಒಂಚೂರು ಬಂದಿದ್ರೆ ಚೆನ್ನಾಗಿತ್ತು ಕಣೋ ಲೈಲ್."

"ಹೌದು, ಬಂದಿದ್ರೆ ಚೆನ್ನಾಗಿತ್ತು."

"ಬರದೇ ಇರೋದು ನಮ್ಮ ಕೈಲಿ ಇಲ್ವಲ್ಲ."

"ಇಲ್ಲ."

ಹೊರಗಿನವರಿಗೆ ಇದು ಮಳೆಯ ಮಾತು. ನಮ್ಮವರಿಗೆ ಇದು ಪೂರ್ತಿ ವೈದ್ಯಕೀಯ ವಿಚಾರಣೆ. ಕಾಲಿಗೆ ಏನಾಯಿತು ಅಂತ ಅವನು ಕೇಳಿದ. ವಾಸಿಯಾಗುವುದಿಲ್ಲ ಅಂತ ನಾನು ಹೇಳಿದೆ. ಇದು ನನಗೆ ಹೊಳೆದದ್ದು ವೆಂಡೆಲ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಕಾಫಿಯನ್ನು ಅರ್ಧಕ್ಕೇ ಚೆಲ್ಲಿ ಹೊರಟುಹೋದ ಮೇಲೆ. ವೆಂಡೆಲ್ ಕಾಫಿ ಚೆಲ್ಲುವವನಲ್ಲ.

ಟ್ರೆಂಟ್ ಆಗ ದನಿ ತಗ್ಗಿಸಿದ. "ಇನ್ನೊಂದಿದೆ ಸಾರ್. ಸಾಮಾನ್ಯವಾಗಿ ದನ ಸಾಕೋ ಗಂಡಸರು ಅದನ್ನ ನೋಡಿ ನಗ್ತಾರೆ. ಎರಡು ತೋಳಿಲ್ಲ, ಬಲಗಡೆ ಒಂದೇ ದಪ್ಪ ತೋಳು. ಅದಕ್ಕೇ ಎಡಗಡೆ ಬಾಗಿಲು ಇಡೋಕೆ ಜಾಗ ಸಿಕ್ಕಿದೆ. ಕಾರಿನ ಹಾಗೆ."

ಅಂಗಳದ ಮೂಲೆಯಲ್ಲಿ, ಮದುವೆಯಾಗದ ಚಿಕ್ಕಮ್ಮನ ಹಾಗೆ ಅದು ಒಂಟಿಯಾಗಿ ನಿಂತಿತ್ತು. ಬಾಗಿಲು ತೆಗೆದೆ. ಕೆಳಗೆ ಒಂದು ತಗ್ಗು ಮೆಟ್ಟಿಲು. ಬಲಗಾಲಿಟ್ಟೆ, ಹಿಡಿ ಹಿಡಿದೆ, ಎಡಗಾಲನ್ನು ಎಳೆದುಕೊಂಡೆ, ಕೂತೆ. ಅಷ್ಟೇ. ಪಕ್ಕದ ಕೋಣೆಗೆ ಹೋದ ಹಾಗೆ. ಆರ್ಡಿತ್‌ಳಷ್ಟು ಗಿಡ್ಡವಾಗುವುದಕ್ಕೆ ಸೀಟಿನಲ್ಲಿ ಜಾರಿ ಜಾರಿ ಕೂತು, ಮೂಗು ಕಿಟಕಿಯ ಅಂಚಿಗೆ ಬರುವ ತನಕ ಇಳಿದೆ. ಅಲ್ಲಿಂದಲೂ ಬಕೆಟ್ಟಿನ ಎಡ ಮೂಲೆ ಕಾಣುತ್ತಿತ್ತು. ಎರಡು ಹಿಡಿಕೆಗಳಿಗೂ ಕೈ ಸಿಕ್ಕಿತು. ಇಳಿದೆ, ಮತ್ತೆ ಹತ್ತಿದೆ, ಮತ್ತೆ ಇಳಿದೆ. ಟ್ರೆಂಟ್ ಕಣ್ಣೊರೆಸಿಕೊಳ್ಳುತ್ತಿದ್ದ.

"ನಮ್ಮ ತಾತಾನೂ ಕೊನೆಗಾಲದಲ್ಲಿ ಹೀಗೇ ಇದ್ರು ಸಾರ್. ಕೆಲಸ ಬಿಡಲ್ಲ ಅಂತಿದ್ರು. ಇದನ್ನ ಒಂದು ವಾರ ನಿಮ್ಮ ಅಂಗಳದಲ್ಲಿ ಇಟ್ಕೊಳ್ಳಿ. ವ್ಯಾಪಾರದ ಮಾತು ಆಮೇಲೆ."

ಹೀಗೆ ಲೋಡರ್ ಬಂತು. ಅದರ ಹಿಂದೆಯೇ ಕ್ಯಾಸರೋಲ್ ಬಂತು.

ಮೊದಲನೆಯದನ್ನು ತಂದವಳು ವೆಂಡೆಲ್‌ನ ಹೆಂಡತಿ ಡಿಲೋರಿಸ್. ಆಲೂಗಡ್ಡೆ, ಚೀಸ್, ಮಾಂಸ, ಎಲ್ಲವನ್ನೂ ಸೇರಿಸಿ ಬೇಯಿಸಿದ ಆ ತಟ್ಟೆಯನ್ನು ನಮ್ಮ ಕಡೆ ಸುಮ್ಮನೆ ತರುವುದಿಲ್ಲ. ಸಾವು, ಹುಟ್ಟು, ಆಪರೇಷನ್ನು, ಈ ಮೂರಕ್ಕೆ ಮಾತ್ರ. ಆರ್ಡಿತ್ ಬಾಗಿಲಲ್ಲಿ ತಟ್ಟೆ ತೆಗೆದುಕೊಂಡು, "ನನ್ನ ಸೊಂಟಕ್ಕೆ ವಸಂತದಲ್ಲೇ ತಂದಿದ್ಯಲ್ಲ ಡಿಲೋರಿಸ್" ಅಂದಳು.

ಡಿಲೋರಿಸ್ ಅವಳ ಕೈ ಒತ್ತಿ, "ಇದು ಲೈಲ್‌ಗೆ" ಅಂದಳು. "ನೀನು ಗಟ್ಟಿಯಾಗಿರು, ಆರ್ಡಿತ್."

ಆರ್ಡಿತ್ ಅಡುಗೆಮನೆಗೆ ಬಂದು ನನ್ನನ್ನು ನೋಡಿದಳು. ನಾನು ದಾಲ್ಚಿನ್ನಿ ರೋಲ್ ತಿನ್ನುತ್ತಿದ್ದೆ. ಮನೆಯಲ್ಲಿ ನಾನು ಕುಂಟುತ್ತಿರಲಿಲ್ಲ. ಅವಳ ನಡಿಗೆ ಅವಳಿಗೇ ಗುರುತು ಸಿಕ್ಕೀತು ಅನ್ನುವ ಭಯ. ಅವಳಿಗೆ ಕಂಡದ್ದು ಚೆನ್ನಾಗಿ ನಡೆಯುವ, ಚೆನ್ನಾಗಿ ತಿನ್ನುವ ಗಂಡ. ಊರಿಗೆ ತಿಳಿದ ಯಾವುದೋ ಕಾಯಿಲೆಯನ್ನು ತನ್ನಿಂದ ಮಾತ್ರ ಮುಚ್ಚಿಡುತ್ತಿರುವ ಗಂಡ. ಕೇಳುತ್ತಾಳೆ ಅಂದುಕೊಂಡೆ. ಅವಳೂ ನಮ್ಮ ಕಡೆಯವಳೇ.

"ಮಳೆ ಬರೋ ಹಾಗಿದೆಯಾ?" ಅಂದಳು.

"ಇಲ್ಲ."

ಅವಳು ನನ್ನ ತಟ್ಟೆಗೆ ಇನ್ನೊಂದು ರೋಲ್ ಹಾಕಿದಳು. ಆ ಕ್ಷಣವೇ ಹೇಳಿಬಿಡಬೇಕಾಗಿತ್ತು. ಆದರೆ ಬಾಯಿ ತುಂಬಿತ್ತು.

ಆಮೇಲೆ ತಟ್ಟೆಗಳ ಪ್ರವಾಹ. ಫ್ರಿಜ್ ತುಂಬಿ, ನೆಲಮಾಳಿಗೆ ತುಂಬಿ, ಕೊನೆಗೆ ಪಿಕಪ್ಪಿನ ಹಿಂದೆಲ್ಲ ಕ್ಯಾಸರೋಲ್ ಇಡಬೇಕಾಯಿತು. ನೆಬ್ರಾಸ್ಕದ ಆಲೂಗಡ್ಡೆ ಆ ವಾರ ಮುಗಿದುಹೋಗಿ ಐಡಹೋದಿಂದ ರೈಲಿನಲ್ಲಿ ತರಿಸಿದರು ಅಂತ ಕೇಳಿದ್ದೇನೆ. ಕೇಳಿದ್ದು ನನ್ನ ಬಾಯಿಂದಲೇ ಆದರೂ ಕೇಳಿದ್ದೇನೆ. ಪೇಟೆಗೆ ಕುಂಟುತ್ತ ಹೋದರೆ ಜನ ಬಾಗಿಲು ತೆಗೆದು ಹಿಡಿಯುತ್ತಿದ್ದರು. ರಸ್ತೆಯಲ್ಲಿ ಎದುರಾದ ಪಿಕಪ್ಪಿನವರು ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತುವ ಬದಲು ಇಡೀ ಕೈ ಎತ್ತುತ್ತಿದ್ದರು. ಹಾಗೆ ಎತ್ತುವುದು ಶವದ ಗಾಡಿಗೆ ಮಾತ್ರ. ನನಗೆ ನಾಚಿಕೆಯಾಗಬೇಕಿತ್ತು. ಆಗುತ್ತಿತ್ತು ಕೂಡ, ಊಟದ ನಡುವೆ ಬಿಡುವಾದಾಗ.

ಇನ್ನೂ ಒಂದು ವಿಚಿತ್ರ ನಡೆಯಿತು. ಹುಲ್ಲುಗಾವಲಿನಲ್ಲಿ ಬಿದ್ದಿದ್ದ ಹುಲ್ಲಿನ ಉರುಳೆಗಳನ್ನು ಚಳಿಗಾಲಕ್ಕೆ ಮನೆಯ ಹತ್ತಿರ ಒಟ್ಟಬೇಕಿತ್ತು. ಲೋಡರ್ ಬಂದಿತ್ತು, ಆದರೆ ನಾನು ಅದರ ತಂಟೆಗೆ ಹೋಗಲಿಲ್ಲ. ನಮ್ಮ ಹುಲ್ಲುಗಾವಲು ರಸ್ತೆಗೆ ಕಾಣುತ್ತದೆ. ಸಾಯುತ್ತಿರುವ ಮನುಷ್ಯ ಹುಲ್ಲು ಹೊರುತ್ತಿದ್ದರೆ ಕ್ಯಾಸರೋಲ್ ತಂದವರಿಗೆ ಅವಮಾನವಲ್ಲವೇ? ಆದರೂ ನಾನು ಕಾಫಿಗೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಪ್ರತಿದಿನ ಒಂದಷ್ಟು ಉರುಳೆ ತಾವಾಗಿಯೇ ಬಂದು ಸಾಲಾಗಿ ಕೂತಿರುತ್ತಿದ್ದವು. ವೆಂಡೆಲ್‌ನ ಕೆಲಸ ಅಂದುಕೊಂಡೆ. ನಮ್ಮ ಕಡೆ ಉಪಕಾರ ಮಾಡಿದವನಿಗೆ ಥ್ಯಾಂಕ್ಸ್ ಹೇಳಿದರೆ ಅವನಿಗೆ ಬೇಜಾರಾಗುತ್ತದೆ. ಹಾಗಾಗಿ ಹೇಳಲಿಲ್ಲ.

ವಾರದ ಕೊನೆಗೆ, ಊಟವಾದ ಮೇಲೆ, ಆರ್ಡಿತ್ ಕೈ ಒರೆಸಿಕೊಂಡು ನನ್ನ ಎದುರಿಗೆ ಕೂತಳು.

"ಲೈಲ್, ಪೇಟೆಗೆ ಹೋಗ್ಬಿಡೋಣ. ಫರ್ನ್‌ಗೆ ಆಯ್ತು ಅಂದಿದೀನಿ."

ಕ್ಯಾಸರೋಲಿಗೆ ಮತ್ತೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದೆ. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ.

"ಯಾಕೆ?" ಅಂದೆ.

"ನನ್ನ ಸೊಂಟಕ್ಕೆ" ಅಂದಳು. "ಆಸ್ಪತ್ರೆ ಹತ್ತಿರ ಇರುತ್ತಲ್ಲ. ನನಗೆ ಇನ್ನು ಆಗಲ್ಲ ಲೈಲ್. ತುಂಬ ನೋಯುತ್ತೆ."

ಕೀಲು ಬದಲಾಯಿಸಿದ ಮರುದಿನ ದಾದಿಯ ಕೈ ಕೊಡವಿ ತಾನೇ ಎದ್ದು ನಿಂತವಳು ಆರ್ಡಿತ್. ನೋವು ಅನ್ನುವ ಮಾತು ಅವಳ ಬಾಯಿಂದ ಹೊರಟದ್ದು ನನಗೆ ನೆನಪಿಲ್ಲ. ಈಗ ಹೊರಟಿತು. ಅದು ಸುಳ್ಳು ಅಂತ ನನಗೆ ಕೂಡಲೇ ಗೊತ್ತಾಯಿತು, ಯಾಕೆಂದರೆ ಸುಳ್ಳಿನ ಕಸುಬಿನಲ್ಲಿ ನಾನು ಹಳಬ. ನನ್ನ ಇಲ್ಲದ ಕಾಯಿಲೆಗೋಸ್ಕರ ಅವಳು ತನ್ನ ಸೊಂಟವನ್ನು ಮುಂದೆ ಮಾಡುತ್ತಿದ್ದಳು. ಅವಳನ್ನು ಗುಡ್ಡದಲ್ಲಿ ಉಳಿಸಿಕೊಳ್ಳುವುದಕ್ಕೆ ನಾನು ಹೂಡಿದ ಆಟವೇ ಅವಳನ್ನು ಗುಡ್ಡದಿಂದ ಇಳಿಸುತ್ತಿತ್ತು.

"ಆ ಯಂತ್ರ ಒಂದು ವರ್ಷ ಮೊದಲೇ ಬಂದಿದ್ರೆ ಚೆನ್ನಾಗಿತ್ತು" ಅಂದಳು, ಕಿಟಕಿಯ ಹೊರಗೆ ನೋಡುತ್ತ. "ಒಳ್ಳೇ ಯಂತ್ರ."

ಹೇಳಿಬಿಡಲೇ ಅಂದುಕೊಂಡೆ. ಹೇಳಿದರೆ ಅವಳು ಲೋಡರನ್ನು ಕೋಳಿಗಳಿಗೆ ಕೊಡುತ್ತಾಳೆ. ಹೇಳದಿದ್ದರೆ ದನಗಳನ್ನು ಮಾರುತ್ತಾಳೆ. ಬೆಳಗಾಗುವ ತನಕ ಯೋಚಿಸುತ್ತೇನೆ ಅಂದುಕೊಂಡು ಮಲಗಿ ಗಡದ್ದಾಗಿ ನಿದ್ದೆ ಮಾಡಿದೆ.

ಬೆಳಗಾದಾಗ ಅಂಗಳದ ತುಂಬ ಪಿಕಪ್ಪುಗಳು, ಕುದುರೆ ಟ್ರೈಲರುಗಳು. ನಮ್ಮ ಕಡೆ ಮನುಷ್ಯ ಹಾಸಿಗೆ ಹಿಡಿದರೆ ನೆರೆಹೊರೆಯವರು ಹೇಳದೆ ಕೇಳದೆ ಬಂದು ಅವನ ದೊಡ್ಡ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿಕೊಟ್ಟು ಹೋಗುತ್ತಾರೆ. ಕರುಗಳನ್ನು ತಾಯಿಯಿಂದ ಬೇರ್ಪಡಿಸುವ ಕಾಲ ಅದು. ವೆಂಡೆಲ್ ಆಗಲೇ ಕುದುರೆಯ ಮೇಲೆ ಕೂತಿದ್ದ. ದನದ ಡಾಕ್ಟರು ಮೊನಾಹನ್ ಹಸುಗಳ ಗಬ್ಬ ಪರೀಕ್ಷೆಗೆ ಉದ್ದನೆಯ ಕೈಗವಸು ತೊಡುತ್ತಿದ್ದರು. ಡಿಲೋರಿಸ್ ಮೇಜು ಹಾಕಿಸುತ್ತಿದ್ದಳು. ಫರ್ನ್ ಪೇಟೆಯಿಂದ ಬಂದು, ಹೊಸ ಮನೆಯ ಬೀಗದ ಕೈಯನ್ನು ತಂಗಿಯ ಅಂಗೈಗೆ ಒತ್ತಿ, ನನ್ನತ್ತ ತಿರುಗಿ, "ನಿನಗೂ ಒಳ್ಳೇದಾಗುತ್ತೆ ಲೈಲ್. ಸ್ನಾನದ ಮನೇಲಿ ಹಿಡಿ ಹಾಕಿಸಿದೀನಿ" ಅಂದಳು.

ಇಷ್ಟು ಜನ ನನ್ನ ಕುಂಟುಕಾಲಿಗಾಗಿ ಬಂದಿದ್ದಾರೆ, ಕುಂಟದೆ ಉಪಾಯವಿಲ್ಲ. ಕುಂಟಿದರೆ ವರಾಂಡದಲ್ಲಿ ನಿಂತ ಆರ್ಡಿತ್ ನೋಡುತ್ತಾಳೆ, ಗುರುತು ಹಿಡಿಯುತ್ತಾಳೆ. ಇಂಥ ಸಂಕಟದಲ್ಲಿ ನನ್ನ ಬುದ್ಧಿ ಮಿಂಚಿನ ಹಾಗೆ ಓಡುತ್ತದೆ. ಎಡಗಾಲಿನ ಬದಲು ಬಲಗಾಲಿನಲ್ಲಿ ಕುಂಟಿದೆ. ಸಾಲದು ಅಂತ ಎರಡು ಸಲ ನರಳಿದೆ.

ಡಾಕ್ಟರು ಮೊನಾಹನ್ ನನ್ನನ್ನು ನೋಡಿದರು. ಕುದುರೆಗಳ ಕುಂಟನ್ನು ನೋಡಿಯೇ ಕೂದಲು ನೆರೆಸಿಕೊಂಡವರು ಅವರು.

"ಲೈಲ್" ಅಂದರು ನಿಧಾನವಾಗಿ, "ಹೋದ ವಾರ ಅಂಚೆ ಕಚೇರಿ ಹತ್ರ ನೋಡ್ದೆ. ಎಡಗಾಲಿತ್ತು."

"ಓಡಾಡ್ತಾ ಇರುತ್ತೆ" ಅಂದೆ. "ಅಂಥ ನೋವು ಡಾಕ್ಟ್ರೇ ಇದು."

"ಕುದುರೆಯಲ್ಲಿ ಹಾಗೆ ಕಂಡ್ರೆ ನಾನು ಕುದುರೇನ ನೋಡಲ್ಲ, ಮಾರೋಕೆ ತಂದವನನ್ನ ನೋಡ್ತೀನಿ."

ಯಾರೋ ನಗಲು ಹೋಗಿ ಕೆಮ್ಮಿದರು. ವೆಂಡೆಲ್ ಕುದುರೆಯಿಂದ ಇಳಿದ. ಮೇಜಿನ ಹತ್ತಿರದ ಹೆಂಗಸರೆಲ್ಲ ಕೈಲಿ ತಟ್ಟೆ ಹಿಡಿದುಕೊಂಡೇ ತಿರುಗಿದರು. ಆರ್ಡಿತ್ ವರಾಂಡದಿಂದ ಕೆಳಗೆ ಬಂದಳು. ಎಡ ಹಿಮ್ಮಡಿ, ಸೊಂಟ, ಜೇಬು.

"ಡಾಕ್ಟ್ರು ನೋಡಿದ್ದು ಹೇಗಿತ್ತು, ತೋರಿಸು" ಅಂದಳು. "ಇಲ್ಲಿಂದ ಆ ಗೇಟಿನವರೆಗೆ ನಡಿ."

"ಈಗ ಬೇಡ ಆರ್ಡಿತ್. ಜನ ಕಾಯ್ತಿದಾರೆ."

"ಕಾಯ್ಲಿ. ಕೆಲಸಕ್ಕೆ ಬಂದವರು, ಕಾಯೋದೂ ಒಂದು ಕೆಲಸ. ನಡಿ."

ನಡೆದೆ. ಈ ಸಲ ಎಡಗಾಲಿನಲ್ಲಿ. ಮೊದಲ ಹೆಜ್ಜೆಗೆ ಯಾರಿಗೂ ಏನೂ ತಿಳಿಯಲಿಲ್ಲ. ಅಂಗಳದ ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ನಾಯಿ ಬಾಲ ಅಲ್ಲಾಡಿಸುತ್ತ ನನ್ನ ಹಿಂದೆ ಬಂತು. ಡಿಲೋರಿಸ್ ನನ್ನನ್ನು ನೋಡಿದಳು, ಆರ್ಡಿತ್‌ಳನ್ನು ನೋಡಿದಳು, ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಗೇಟು ಮುಟ್ಟಿ ತಿರುಗಿದೆ. ಒಬ್ಬರೂ ನಗುತ್ತಿರಲಿಲ್ಲ.

"ಅದು ನಿನ್ನ ಕಾಲಲ್ಲ" ಅಂದಳು ಆರ್ಡಿತ್.

"ಅಲ್ಲ."

"ನನ್ನದು."

"ಹೌದು."

"ನನ್ನ ಕಾಲನ್ನ ಪೇಟೆಯಲ್ಲೆಲ್ಲ ಮೆರವಣಿಗೆ ಮಾಡಿಸಿದ್ದು ಯಾಕೆ?"

ಇಂಥ ಹೊತ್ತಿಗೆ ಹೇಳಲು ನನ್ನ ಹತ್ತಿರ ಒಳ್ಳೊಳ್ಳೆಯ ಸುಳ್ಳುಗಳು ಯಾವಾಗಲೂ ಇರುತ್ತವೆ. ಆವತ್ತು ಒಂದೂ ಕೈಗೆ ಸಿಗಲಿಲ್ಲ. "ನೀನು ಹತ್ತೋಕೆ ಆಗೋ ಯಂತ್ರ ಯಾವುದು ಅಂತ ನೋಡೋಕೆ" ಅಂದೆ. "ನಿನ್ನ ಕರೆದಿದ್ರೆ ನೀನು ಬರ್ತಿರಲಿಲ್ಲ."

"ಬರ್ತಿರಲಿಲ್ಲ."

"ನೀನು ಆ ಕಿಟಕಿ ಹತ್ರ ಕೂತ್ಕೊಂಡು ನೋಡ್ತಿರೋದನ್ನ ನನಗೆ ನೋಡೋಕೆ ಆಗ್ಲಿಲ್ಲ ಆರ್ಡಿತ್. ನನಗೆ ಏನೂ ಆಗಿಲ್ಲ. ಕಾಲು ಗಟ್ಟಿಯಾಗಿದೆ. ಹೊಟ್ಟೆ ಮಾತ್ರ ಸ್ವಲ್ಪ ಕೆಟ್ಟಿದೆ, ಅದೂ ಇವರೆಲ್ಲರ ದಯೆಯಿಂದ."

ಆರ್ಡಿತ್ ಬಹಳ ಹೊತ್ತು ನನ್ನನ್ನೇ ನೋಡಿದಳು. ಅಷ್ಟು ಜನರ ಎದುರಿಗೆ ಅವಳು ನನ್ನನ್ನು ಹಾಗೆ ನೋಡಿದ್ದು ಹಿಂದೆ ಒಂದೇ ಸಲ, ಚರ್ಚಿನಲ್ಲಿ, ನಮ್ಮ ಮದುವೆಯ ದಿನ.

"ನಾನು ಹಾಗೆ ನಡೀತೀನಾ?" ಅಂದಳು.

"ನೀನು ಇನ್ನೂ ಚೆನ್ನಾಗಿ ನಡೀತೀಯ. ಆ ಜೇಬಿನ ಹತ್ರದ್ದು ನನಗೆ ಸರಿಯಾಗಿ ಬರಲಿಲ್ಲ."

ಅವಳು ಮೂಗೆಳೆದುಕೊಂಡು ಫರ್ನ್ ಕಡೆ ತಿರುಗಿದಳು. "ತಗೋ ಫರ್ನ್, ಬೀಗದ ಕೈ. ಆ ಹಿಡಿ ನಿನಗೇ ಬೇಕಾಗುತ್ತೆ, ನೀನು ನನಗಿಂತ ದೊಡ್ಡವಳು."

"ಹಿಮ ಬಿದ್ದ ಮೇಲೆ ಅಳ್ತಾ ಬರ್ಬೇಡ" ಅಂದಳು ಫರ್ನ್. ಆದರೂ ಬೀಗದ ಕೈ ತೆಗೆದುಕೊಂಡಳು.

ಆರ್ಡಿತ್ ಲೋಡರಿನ ಬಾಗಿಲು ತೆಗೆದಳು. ಬಲಗಾಲು, ಹಿಡಿ, ಎಡಗಾಲು, ಕೂತಳು. ನಾನು ಅಭ್ಯಾಸ ಮಾಡಿದ್ದಕ್ಕಿಂತ ಸಲೀಸಾಗಿತ್ತು. ಇಂಜಿನ್ ಗುರ್ ಅಂದಿತು. ಅಂಗಳ ದಾಟಿ, ಹುಲ್ಲಿನ ಮೇಲೆ ದೊಡ್ಡದಾಗಿ ಒಂದು ಸುತ್ತು ಹಾಕಿ, ಒಂದು ಗರಿಕೆಯನ್ನೂ ಕೀಳದೆ, ಉರುಳೆಯೊಂದನ್ನು ಎತ್ತಿಕೊಂಡು ಬಂದು ಕೊಟ್ಟಿಗೆಯ ಬೇಲಿಯ ಪಕ್ಕಕ್ಕೆ ಇಟ್ಟಳು. ವಾರವಿಡೀ ನನ್ನ ಉರುಳೆಗಳು ಹೇಗೆ ಸಾಲಾಗಿ ಕೂತಿದ್ದವೋ, ಅದೇ ಸಾಲಿಗೆ, ಅಷ್ಟೇ ಅಂತರದಲ್ಲಿ.

ನಾನು ವೆಂಡೆಲ್‌ನನ್ನು ನೋಡಿದೆ. "ಅವನ್ನ ತಂದಿಟ್ಟಿದ್ದು ನೀನಲ್ವಾ?"

"ನಾನ್ಯಾಕೆ ತರ್ಲಿ? ನೀನು ಸಾಯ್ತಿದೀಯ ಅಂತ ಗೊತ್ತಿತ್ತು, ಸತ್ತಿದೀಯ ಅಂತ ಗೊತ್ತಿರಲಿಲ್ಲ."

ನಾನು ಪೇಟೆಗೆ ಹೊರಟ ಕೂಡಲೇ, ಕಾಯಿಲೆಯ ಗಂಡನಿಗೆ ಹುಲ್ಲು ಹೊರುವ ಕೆಲಸ ಇಲ್ಲದಿರಲಿ ಅಂತ, ಅವಳು ಬಾಗಿಲಿಗೆ ಚಿಲಕ ಹಾಕಿ ಅಂಗಳಕ್ಕೆ ಇಳಿಯುತ್ತಿದ್ದಳು.

"ಎಷ್ಟು ನಯವಾಗಿ ಓಡಿಸ್ತಾಳೆ" ಅಂದರು ಡಾಕ್ಟರು ಮೊನಾಹನ್. "ಚೆನ್ನಾಗಿ ಕಲಿಸಿದೀಯ ಲೈಲ್."

ಜನ ಗುಂಪುಗೂಡಿದ್ದರು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಇಂಥ ಅವಕಾಶವನ್ನು ನಾನು ಹುಟ್ಟಿದಂದಿನಿಂದ ಕಳೆದುಕೊಂಡವನಲ್ಲ. ಎದೆ ಉಬ್ಬಿಸಿ, ಗಂಟಲು ಸರಿಮಾಡಿಕೊಂಡು, "ಅದೇನಪ್ಪಾ ಅಂದ್ರೆ" ಅಂತ ಶುರುಮಾಡಿದೆ.

ಲೋಡರ್ ನಿಂತಿತು. ಬಾಗಿಲು ತೆರೆಯಿತು. ಆರ್ಡಿತ್ ತಲೆ ಹೊರಗೆ ಹಾಕಿದಳು.

"ಇದು ಬಂದ ದಿನ ನೀನು ಇದರೊಳಗೆ ಕೂತು ಏನು ಮಾಡ್ತಿದ್ದೆ ಅಂತ ಕಿಟಕಿಯಿಂದ ನೋಡಿದೀನಿ, ಲೈಲ್. ದುರ್ಬೀನಲ್ಲಿ. ಹೇಳು ಅವರಿಗೆ."

ನಾನು ಟೋಪಿ ತೆಗೆದೆ.

"ಅದನ್ನ ಓಡಿಸೋಕೆ ನನಗೆ ಬರಲ್ಲ" ಅಂದೆ. "ಸೀಟಿನ ಮುಂದಿನ ಕಂಬಿ ಕೆಳಗೆ ಎಳೀದೇ ಇದ್ರೆ ಅದು ಕದಲೋದೇ ಇಲ್ವಂತೆ, ನಾನು ಎಳೀಲಿಲ್ಲ. ಈ ಥರದ ಲೋಡರ್ ಯಾವುದನ್ನೂ ನಾನು ಯಾವತ್ತೂ ಓಡಿಸಿಲ್ಲ. ಹತ್ತೋಕೆ ಬರುತ್ತೆ, ಇಳಿಯೋಕೆ ಬರುತ್ತೆ. ನಡುವೆ ಮಾಡೋದೆಲ್ಲ ಅವಳೇ."